ಬೆಂಕಿಹಾರದ ಹರಕೆ

ಟಿ. ದಾಸರಹಳ್ಳಿ
೨೦ ನವೆಂಬರ್ ೧೯೮೩

ಅಪ್ಪನವರಿಗೆ ಮಗಳು ವಸಂತಳ ನಮಸ್ಕಾರಗಳು.

ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮುತ್ತು ಮನೆಗೆ ಬಂದಳು. ನಿನ್ನೆ ಎರಡು ಇಡ್ಲಿ ತಿಂದಳು. ಇದನ್ನೇ ಮೊದಲು ಬರೆಯಬೇಕು ಅನ್ನಿಸಿತು, ಮಿಕ್ಕ ಕ್ಷೇಮ ಸಮಾಚಾರವೆಲ್ಲ ಹಾಗಿರಲಿ.

ಮಿದುಳು ಜ್ವರ ಇಳಿದಿದೆ, ಫಿಟ್ಸ್ ಮಾತ್ರ ಪೂರ್ತಿ ನಿಂತಿಲ್ಲ. ಕೈಕಾಲು ಸೆಟೆದುಕೊಂಡು ಕಣ್ಣು ಮೇಲಾಗುತ್ತದೆ. ಒಂದೆರಡು ನಿಮಿಷ ಅಷ್ಟೇ, ಆದರೆ ಆ ಒಂದೆರಡು ನಿಮಿಷ ನನಗೆ ಮುಗಿಯುವುದೇ ಇಲ್ಲ. ದಿನಕ್ಕೆರಡು ಮಾತ್ರೆ ಎರಡು ವರ್ಷ ಕೊಡಬೇಕಂತೆ. "ಆಮೇಲೆ ನಿಂತೋಗುತ್ತಾ ಸಾರ್?" ಎಂದು ನಿಮ್ಮ ಅಳಿಯ ಕೇಳಿದರು. ಡಾಕ್ಟರು "ನೋಡೋಣ ಕಣ್ರೀ" ಎಂದು ಮುಂದಿನ ಮಂಚಕ್ಕೆ ಹೋದರು.

ಇಲ್ಲಿಯ ಗದ್ದಲ ನಿಮಗೆ ಗೊತ್ತೇ ಇದೆ. ಅತ್ತೆಯವರ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸ್ಪ್ರಿಂಗ್ ಕಾರ್ಖಾನೆ. ಅದೇ ಕಾರ್ಖಾನೆಯಲ್ಲಿ ಇವರು ಟರ್ನರ್. ಶಿಫ್ಟಿನ ಸೈರನ್ ಕೂಗಿದಾಗಲೆಲ್ಲ ಮಗು ಬೆಚ್ಚಿಬೀಳುತ್ತದೆ. ನಾನು ಓಡಿಹೋಗಿ ಕಣ್ಣು ನೋಡುತ್ತೇನೆ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಮಕ್ಕಳಾಗದೆ ಇದ್ದಾಗ ಅಮ್ಮ ಮುತ್ಯಾಲಮ್ಮನ ಬೆಟ್ಟಕ್ಕೆ ಹೋಗಿ, "ಮಗಳ ಮಡಿಲು ತುಂಬಿದರೆ ನಿನ್ನ ಬೆಟ್ಟಕ್ಕೆ ಬೆಂಕಿಹಾರ ಹಾಕುತ್ತೇನೆ" ಎಂದು ಹರಕೆ ಹೊತ್ತಿದ್ದಳು. ಮುತ್ತು ಹುಟ್ಟಿದಳು. ನನ್ನ ಬಾಣಂತನ ಮುಗಿಯಲಿ, ಆಮೇಲೆ ಬೆಟ್ಟಕ್ಕೆ ಬೆಂಕಿ ಹಚ್ಚಿ ಹರಕೆ ತೀರಿಸೋಣ ಎಂದು ಅಮ್ಮ ಕಾದಳು. ಅಷ್ಟರಲ್ಲಿ ನೀವು ಒಂಬತ್ತು ಊರಿನವರು ಸೇರಿ ಆ ಹರಕೆಯನ್ನೇ ನಿಲ್ಲಿಸಿಬಿಟ್ಟಿರಿ. ಮರುವರ್ಷ ಅಮ್ಮ ಹೋದಳು.

"ಇದು ಜ್ವರ ಅಲ್ಲ ಕಣಮ್ಮ. ಕೊಟ್ಟೋಳು ಕೇಳ್ತಾ ಅವ್ಳೆ," ಎಂದು ಅತ್ತೆ ವಾರ್ಡಿನಲ್ಲಿ ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಅವತ್ತು ಮಗುವಿಗೆ ಎಚ್ಚರ ತಪ್ಪಿ ಮೂರನೆಯ ದಿನ. ಅಮ್ಮನ ಹರಕೆಯನ್ನು ನಾನು ತೀರಿಸುತ್ತೇನೆ ಎಂದು ಮಗುವಿನ ತಲೆ ಮುಟ್ಟಿ ಹೇಳಿದೆ. ಮಾಘದಲ್ಲಿ ಯಾವ ದಿನ ಬರಲಿ, ಬರೆಯಿರಿ.

ನಿಮ್ಮ ಮಗಳು
ವಸಂತ

*

ಬಿದಿರುಗೊಂದಿ, ಆನೇಕಲ್ ತಾಲ್ಲೂಕು
೪ ಡಿಸೆಂಬರ್ ೧೯೮೩

ಚಿ. ವಸಂತಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದಕ್ಕೆ ಮುದ್ರೆ ಹೊಡೆಯುವುದಕ್ಕೂ ಮೊದಲೇ ಒಡೆದು ಓದಿದೆ. ಈ ಜಗಲಿಯ ಮೇಲೆ ಪೋಸ್ಟ್ ಮಾಸ್ತರಿಕೆ ಶುರುಮಾಡಿದ ಹದಿನಾರು ವರ್ಷದಲ್ಲಿ ಇದೇ ಮೊದಲ ತಪ್ಪು. ಎರಡು ಇಡ್ಲಿ ಎನ್ನುವುದನ್ನು ಅಲ್ಲಿ ಕೂತಿದ್ದ ನಾಲ್ಕು ಜನಕ್ಕೂ ಕೇಳುವಂತೆ ಓದಿದೆ. ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ.

ಮಗಳೇ, ಅದೊಂದನ್ನು ಬಿಟ್ಟು ಬೇರೆ ಏನಾದರೂ ಕೇಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನೀನು ಬಾಣಂತಿ, ದಾಸರಹಳ್ಳಿಗೆ ಹೊರಟು ಹತ್ತು ದಿನವಾಗಿತ್ತು. ನಮ್ಮೂರಿನವರೇ ಯಾರದೋ ಹರಕೆಗೆ ಬೆಂಕಿಹಾರ ಹಾಕಿದರು. ಗಾಳಿ ತಿರುಗಿತು. ಬೆಂಕಿ ನೆತ್ತಿ ದಾಟಿ ತಮಿಳುನಾಡಿನ ಮಗ್ಗುಲಿಗೆ ಇಳಿಯಿತು. ಆ ಕಡೆಯ ಎಳ್ಳುಕುಂಟೆಯ ನಲ್ಲಪ್ಪ ದನ ಬಿಡಿಸಲು ಹೋಗಿ ಸುಟ್ಟು ಸತ್ತ. ಬಿದಿರೆಲ್ಲ ಹೋಯಿತು. ತಿನ್ನಲು ಬಿದಿರಿಲ್ಲದ ಆನೆಗಳು ಎರಡೂ ಕಡೆಯ ಹೊಲಕ್ಕೆ ಇಳಿದವು. ಅವಕ್ಕೆ ಕನ್ನಡವೂ ಬಾರದು, ತಮಿಳೂ ಬಾರದು. ನಲ್ಲಪ್ಪನ ಅಣ್ಣ ದೊಡ್ಡಮುನಿಯಪ್ಪ ಜನ ಕಟ್ಟಿಕೊಂಡು, ಕುಡುಗೋಲು ಹಿಡಿದು ಬರುತ್ತಾನೆ ಎಂದು ನಾವು ಕಾದೆವು. ಅವನು ಒಬ್ಬನೇ ಬಂದ. ಕೈಯಲ್ಲಿ ಬುತ್ತಿ ಇತ್ತು. "ಇನ್ನೊಂದು ಎಣ ಬೀಳೋಕ್ ಮುಂಚೆ ಕುಂತ್ಕಂಡು ಮಾತಾಡಾನ" ಎಂದ. ನಾನು ಅವನ ಬುತ್ತಿ ಉಂಡೆ, ಅವನು ನನ್ನ ಬುತ್ತಿ ಉಂಡ.

ಅವತ್ತಿನಿಂದ ಪ್ರತಿ ಅಮಾವಾಸ್ಯೆ ಗಡಿಕಲ್ಲಿನ ಹತ್ತಿರ ಕೂರುತ್ತೇವೆ. ಈ ಕಡೆಯ ಐದು ಊರು, ಆ ಕಡೆಯ ನಾಲ್ಕು. ಬುತ್ತಿ ಬದಲಾಯಿಸಿಕೊಂಡೇ ಉಣ್ಣಬೇಕು. ಪುಷ್ಯದಲ್ಲಿ ಒಂಬತ್ತು ಊರೂ ಸೇರಿ ಹುಲ್ಲು ಸವರಿ ಬೆಂಕಿಗೆರೆ ತೆಗೆಯುತ್ತೇವೆ. ಎರಡೂ ಸರ್ಕಾರದ ಗಾರ್ಡುಗಳು ಗಡಿಕಲ್ಲಿನ ತನಕ ಬಂದು ನಿಲ್ಲಬೇಕು, ಅದು ಅವರ ಕಾನೂನು. ಬೆಂಕಿಗೆ ಆ ಕಾನೂನಿಲ್ಲ. ಕಾವೇರಿಯಿಂದ ಬನ್ನೇರುಘಟ್ಟದ ತನಕ ಇದು ಒಂದೇ ಬೆಟ್ಟಸಾಲು ಕಣವ್ವ, ಕಾಯುವವರೂ ಒಂದೇ ಆಗಬೇಕು.

ಕಟ್ಟುಪಾಡು ಇಷ್ಟೇ. ಹರಕೆಗೆ ಬೆಂಕಿ ಹಾಕಬಾರದು. ಹಾಕಿದವರು, ಯಾರ ಮನೆಗೆ ಕೇಡಾಯಿತೋ ಆ ಮನೆಯ ಚಾಕರಿ ಮಾಡಬೇಕು, ಗಾಯ ವಾಸಿಯಾಗುವ ತನಕ. ಬಿದಿರು ಮತ್ತೆ ಚಿಗುರುವವರೆಗೆ ಬೆಟ್ಟ ಹತ್ತಬಾರದು. ಐದು ವರ್ಷದಲ್ಲಿ ಒಬ್ಬರೂ ಮುರಿದಿಲ್ಲ. ಅದನ್ನು ಮೊದಲು ಮುರಿದವನು ಹನುಮಯ್ಯ ಎಂದಾಗಬೇಕೇ?

ಬೆಂಕಿಯ ಬದಲು ಗುಡಿಯ ಸುತ್ತ ನೂರೊಂದು ದೀಪ ಹಚ್ಚೋಣ. ಎಣ್ಣೆ ನನ್ನದು. ಬೀಗಿತ್ತಿ ಪಿಳ್ಳಮ್ಮನವರಿಗೆ ನೀನೇ ಒಳ್ಳೆ ಮಾತಿನಲ್ಲಿ ಹೇಳು, ನನ್ನ ಮಾತು ಅವರಿಗೆ ಆಗಿಬರುವುದಿಲ್ಲ.

ಇಂತಿ
ಹನುಮಯ್ಯ

*

ಟಿ. ದಾಸರಹಳ್ಳಿ
೧೭ ಜನವರಿ ೧೯೮೪

ಅಪ್ಪ,

ಸಂಕ್ರಾಂತಿಯ ದಿನ ಹೊಸ ಲಂಗ ಹಾಕಿಕೊಂಡು ವಠಾರದ ಮನೆಮನೆಗೆ ಎಳ್ಳು ಬೀರಲು ಹೊರಟ ಮಗು ಮೂರನೆಯ ಬಾಗಿಲಲ್ಲಿ ಬಿತ್ತು. ಎಳ್ಳುಬೆಲ್ಲವೆಲ್ಲ ಚರಂಡಿಗೆ. ಬಾಡಿಗೆಯವರೆಲ್ಲ ನಿಂತು ನೋಡುತ್ತಿದ್ದರು. ನಾನು ಬಾಯಿಗೆ ಬಟ್ಟೆ ತುರುಕುತ್ತಿದ್ದೆ, ಇವರು ಕಬ್ಬಿಣದ ಬೀಗದ ಕೈ ತಂದು ಅಂಗೈಗೆ ಒತ್ತುತ್ತಿದ್ದರು. ಎದ್ದ ಮೇಲೆ ಮಗು ಕೇಳಿದ್ದು, "ಅಮ್ಮಾ, ಎಳ್ಳು ಎಲ್ಲೋಯ್ತು?"

ದೀಪದ ವಿಷಯ ಅತ್ತೆಗೆ ಹೇಳಿದೆ. "ದ್ಯಾವ್ರಿಗೆ ಬೆಂಕಿ ಅಂತ ಯೋಳ್ಬುಟ್ಟು ದೀಪ ಹಚ್ಚಿದ್ರೆ, ಅವ್ಳೇನು ಕುರುಡೀನಾ?" ಎಂದರು. ನನಗೂ ಹಾಗೇ ಅನ್ನಿಸುತ್ತದೆ. ನೀವು ನಗಬಹುದು. ನಗಿ.

ಮೂರು ವರ್ಷದಿಂದ ನುಂಗಿಕೊಂಡಿದ್ದ ಒಂದು ಮಾತನ್ನು ಇವತ್ತು ಬರೆಯುತ್ತೇನೆ. ಅಮ್ಮ ಸಾಯುವ ವಾರ ನಾನು ಅಲ್ಲೇ ಇದ್ದೆ. ಬೆಟ್ಟದ ಕಡೆಯ ಕಿಟಕಿಯನ್ನು ಅವಳು ಮುಚ್ಚಿಸಿದಳು. "ಅವ್ಳ ಮುಖ ನೋಡಕ್ಕಾಯ್ತಿಲ್ಲ" ಅಂದಳು. ಆ ಹೊತ್ತಿಗೆ ನೀವು ಎಲ್ಲಿದ್ದಿರಿ? ಗಡಿಕಲ್ಲಿನ ಹತ್ತಿರ ಯಾರದೋ ಬುತ್ತಿ ಉಣ್ಣುತ್ತಿದ್ದಿರಿ. ನಿಮಗೆ ಒಂಬತ್ತು ಊರೂ ಬೇಕು, ಆನೆಯೂ ಬೇಕು, ಬಿದಿರೂ ಬೇಕು. ಹೆಂಡತಿಯ ಮಾತು ದೇವರ ಹತ್ತಿರ ಸುಳ್ಳಾಯಿತಲ್ಲ, ಅದು ಬೇಡವಾಯಿತು. ಅವಳು ಸಂಕಟದಲ್ಲೇ ಹೋದಳು. ಈಗ ನನ್ನ ಮಗು. ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಪ್ಪ, ಬಹಳ ಸಿಟ್ಟಿದೆ.

ವಸಂತ

*

ಬಿದಿರುಗೊಂದಿ
೩ ಫೆಬ್ರವರಿ ೧೯೮೪

ಚಿ. ವಸಂತಳಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ.

ಕಿಟಕಿ ಮುಚ್ಚಿಸಿದ್ದು ನನಗೆ ಗೊತ್ತಿತ್ತು. ಗಾಳಿಗೆ ಇರಬೇಕು ಅಂದುಕೊಂಡೆ. ಅಲ್ಲ, ಹಾಗೆ ಅಂದುಕೊಂಡರೆ ನನಗೆ ಸುಲಭವಾಗಿತ್ತು. ನಿಮ್ಮಮ್ಮ ಹರಕೆಯ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಏನು ಉತ್ತರ ಕೊಡುತ್ತಿದ್ದೆ ಎಂದು ಇವತ್ತಿಗೂ ತಿಳಿಯದು. ನಿನ್ನ ಸಿಟ್ಟು ನ್ಯಾಯವಾದದ್ದು.

ಮೊನ್ನೆ ಅಮಾವಾಸ್ಯೆಯ ಕೂಟದಲ್ಲಿ ಎದ್ದು ನಿಂತೆ. ನನ್ನ ಮೊಮ್ಮಗುವಿಗೆ ಹೀಗಾಗಿದೆ, ಒಂದೇ ಒಂದು ಸಲ ಅಪ್ಪಣೆ ಕೊಡಿ ಎಂದು ಕೇಳಿದೆ. ಕಟ್ಟುಪಾಡು ಮಾಡಿದವನೇ ಕೇಳಿದೆ. ಆಮೇಲೆ ದೊಡ್ಡಮುನಿಯಪ್ಪ, "ಅನುಮಯ್ಯ, ನಮ್ ಕಡೆ ಮೂರು ಅರಕೆ ಅಂಗೇ ಕುಂತವೆ. ನಿನ್ನದಕ್ಕೆ ಬುಟ್ರೆ ಆ ಮೂರ್ಕೂ ಬುಡಬೇಕು. ಆಮ್ಯಾಕೆ ಬೆಟ್ಟ ಎಲ್ಲೈತೆ?" ಎಂದ. ತಮ್ಮನನ್ನು ಕಳೆದುಕೊಂಡವನ ಮಾತು. ನನಗೆ ಕೂರದೆ ಬೇರೆ ದಾರಿಯಿರಲಿಲ್ಲ. ಎಲ್ಲರ ಎದುರು ಕೇಳಿದ್ದಕ್ಕೂ ನಾಚಿಕೆಯಾಯಿತು, ಕೇಳಿಯೂ ಆಗದೆ ಹೋದದ್ದಕ್ಕೂ ನಾಚಿಕೆಯಾಯಿತು.

ಶಿವರಾತ್ರಿ ಕಳೆದು ಬರುವ ಅಮಾವಾಸ್ಯೆ ಮಾರ್ಚ್ ಎರಡನೆಯ ತಾರೀಖು. ಅವತ್ತು ಸಂಜೆ ದೀಪ ಹಚ್ಚಲು ಕೂಟ ಒಪ್ಪಿದೆ. ಎರಡೂ ಕಡೆಯ ಹೆಂಗಸರು ಬರುತ್ತಾರೆ. ನೀನು ಮಗುವನ್ನು ಕರೆದುಕೊಂಡು ಬಾ. ಬಾರದಿದ್ದರೂ ನಾನೊಬ್ಬನೇ ಹಚ್ಚುತ್ತೇನೆ.

ಅಪ್ಪ

*

ಟಿ. ದಾಸರಹಳ್ಳಿ
೧೮ ಫೆಬ್ರವರಿ ೧೯೮೪

ಅಪ್ಪನವರಿಗೆ,

ಬರುತ್ತೇವೆ. ನಾನು ಮತ್ತು ಮುತ್ತು ಮಾತ್ರ, ಇವರಿಗೆ ರಜೆ ಇಲ್ಲ. ಫೆಬ್ರವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಕಲಾಸಿಪಾಳ್ಯದಿಂದ ಬಸ್ಸು ಹತ್ತುತ್ತೇವೆ. ದೀಪದ ಹಣತೆಗಳನ್ನು ಅತ್ತೆಯವರೇ ಬುಟ್ಟಿಗೆ ಜೋಡಿಸಿ ಕೊಡುತ್ತಾರಂತೆ. ಮನಸ್ಸು ಮಾಡಿದ್ದಾರೆ.

ವಸಂತ

*

ಬಿದಿರುಗೊಂದಿ
೧೪ ಮಾರ್ಚ್ ೧೯೮೪

ಚಿ. ವಸಂತಳಿಗೆ ಆಶೀರ್ವಾದ.

ಮುತ್ತು ಹೇಗಿದ್ದಾಳೆ? ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡು. ಎರಡು ದಿನ ನನ್ನ ಹೆಗಲ ಮೇಲೆ ಕೂತು ಊರೆಲ್ಲ ಸುತ್ತಿದಳು, ಮುದ್ರೆ ಹೊಡೆಯುತ್ತೇನೆ ಎಂದು ಹಟ ಹಿಡಿದು ನನ್ನ ಪಂಚೆಗೆಲ್ಲ ಮಸಿ ಮಾಡಿದಳು. ಆ ಪಂಚೆ ಒಗೆಸಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಬೆಟ್ಟಕ್ಕೆ ಬೆಂಕಿ ಬಿದ್ದದ್ದು ನಿನಗೆ ಗೊತ್ತೇ ಇದೆ. ನಾನು ಓಡಿಬಂದಾಗ ನೀನು ಮಗುವನ್ನು ಎತ್ತಿಕೊಂಡು ಬಸ್ಸಿಗೆ ಹೋಗಿಯಾಗಿತ್ತು ಎಂದು ಪಕ್ಕದ ಮನೆಯ ಭಾಗ್ಯಮ್ಮ ಹೇಳಿದಳು. ಬೆಂಕಿ ಆರಲು ಎರಡು ದಿನ ಹಿಡಿಯಿತು. ಜೀವ ಹೋಗಿಲ್ಲ.

ಆ ಬೆಂಕಿ ಹಚ್ಚಿದ್ದು ನಾನು ಎಂದು ಕೂಟದ ಮುಂದೆ ಒಪ್ಪಿಕೊಂಡಿದ್ದೇನೆ. ವಿಷಯ ಅಲ್ಲಿಗೆ ಮುಗಿಯಿತು. ಈ ಬಗ್ಗೆ ನೀನು ಏನನ್ನೂ ಬರೆಯಬಾರದು, ಯಾರಿಗೂ ಹೇಳಬಾರದು, ಅಳಿಯನಿಗೂ ಸಹ. ನಾನೂ ಏನನ್ನೂ ಕೇಳುವುದಿಲ್ಲ.

ಅಂಚೆ ಕೆಲಸವನ್ನು ಸದ್ಯಕ್ಕೆ ಆಂಜಿನಪ್ಪ ನೋಡಿಕೊಳ್ಳುತ್ತಾನೆ. ನಾನು ಸ್ವಲ್ಪ ದಿನ ಊರಲ್ಲಿರುವುದಿಲ್ಲ. ಹೆದರಬೇಡ, ಆರೋಗ್ಯವಾಗಿದ್ದೇನೆ.

ಅಪ್ಪ

*

ಟಿ. ದಾಸರಹಳ್ಳಿ
೨೬ ಮಾರ್ಚ್ ೧೯೮೪

ಅಪ್ಪ,

ಬರೆಯಬೇಡ ಎಂದಿರಿ. ಬರೆಯದೆ ಇರಲಾರೆ.

ಹಣತೆಯ ಬುಟ್ಟಿಯ ತಳದಲ್ಲಿ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಇತ್ತು. ಅತ್ತೆ ಇಟ್ಟಿದ್ದರು, ನಾನು ಬೇಡ ಎನ್ನಲಿಲ್ಲ. ಅವತ್ತು ನೀವು ಕೂಟಕ್ಕೆ ಹೋದ ಮೇಲೆ ಮಗುವನ್ನು ಭಾಗ್ಯಮ್ಮನ ಹತ್ತಿರ ಮಲಗಿಸಿ, ಗುಡಿ ಗುಡಿಸಿ ಬರುತ್ತೇನೆ ಎಂದು ಹತ್ತಿದೆ. ಇಡೀ ಬೆಟ್ಟ ಸುಡಬೇಕು ಎಂದು ನನಗಿರಲಿಲ್ಲ, ನೀವು ನಂಬಬೇಕು. ಬೆಂಕಿಗೆರೆಯ ಒಳಗೆ ಹತ್ತು ಮಾರು ಉದ್ದದ ಒಂದು ಚಿಕ್ಕ ಹಾರ. ಹರಕೆ ತೀರಿತು ಎನ್ನಿಸಿದ ಕೂಡಲೇ ಸೊಪ್ಪಿನಲ್ಲಿ ಬಡಿದು ಆರಿಸಿಬಿಡೋಣ ಅಂದುಕೊಂಡಿದ್ದೆ. ನಾನು ಚಿಕ್ಕವಳಿದ್ದಾಗ ಹಾಗೇ ಆರಿಸುತ್ತಿದ್ದರಲ್ಲ.

ಆಗ ವರ್ಷ ವರ್ಷವೂ ಉರಿಯುತ್ತಿದ್ದ ಹುಲ್ಲು ಮೊಣಕಾಲಿಗೆ ಬರುತ್ತಿತ್ತು. ಐದು ವರ್ಷ ನೀವೆಲ್ಲ ಕಾಪಾಡಿದ ಹುಲ್ಲು ನನ್ನ ತಲೆಗಿಂತ ಎತ್ತರ ನಿಂತಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೆಂಕಿ ತಗುಲಿದ ಮೇಲೆ ಒಂದು ಸಲವೂ ಸೊಪ್ಪು ಬೀಸಲು ಆಗಲಿಲ್ಲ. ಓಡಿದೆ. ನಿಮ್ಮ ಮುಖ ನೋಡುವ ಧೈರ್ಯವಿಲ್ಲದೆ ಅಲ್ಲಿಂದಲೂ ಓಡಿದೆ.

ಮುತ್ತುವಿಗೆ ಫಿಟ್ಸ್ ಬಂದಿಲ್ಲ. ಅತ್ತೆ ನೋಡಿದೆಯಾ ಎನ್ನುತ್ತಾರೆ. ನನಗೆ ಊಟ ಸೇರುತ್ತಿಲ್ಲ. ಜೀವ ಹೋಗಿಲ್ಲ ಎಂದು ಬರೆದಿದ್ದೀರಿ. ಮತ್ತೇನು ಹೋಗಿದೆ, ಅದನ್ನು ಹೇಳಿ. ನೀವೆಲ್ಲಿದ್ದೀರಿ?

ವಸಂತ

*

ಎಳ್ಳುಕುಂಟೆ, ಡೆಂಕಣಿಕೋಟೆ ತಾಲ್ಲೂಕು
೧೯ ಏಪ್ರಿಲ್ ೧೯೮೪

ವಸಂತಮ್ಮಂಗೆ ದೊಡ್ಡಮುನಿಯಪ್ಪ ಯೋಳಿ ಬರೆಸೋದು. ನಂಗೆ ಇಸ್ಕೂಲಲ್ಲಿ ಕಲಿಸಿದ್ದು ತಮಿಳು, ಅದೂ ಮೂರೇ ವರ್ಸ. ನಮ್ ಸೊಸೆ ಆನೇಕಲ್ ಕಡೇವ್ಳು, ನಾನು ಯೋಳ್ದಂಗೇ ಬರೀತಾಳೆ.

ನಿನ್ ಕಾಗ್ದಾನ ಆಂಜಿನಪ್ಪ ಇಲ್ಲಿಗೇ ತಂದು ನಿಮ್ಮಪ್ಪಂಗೆ ಕೊಟ್ಟ. ಅವ್ನು ಓದಿ ಜೇಬ್ನಾಗೆ ಮಡಿಕ್ಕಂಡ. ನಾನು ಓದಿಲ್ಲ. ಅವನ ಮುಖ ನೋಡ್ದೆ, ಸಾಕಾಯ್ತು. ಅವ್ನು ಬರಿಯಾಕಿಲ್ಲ, ಅದ್ಕೇ ನಾನು ಬರೆಸ್ತಿವ್ನಿ.

ಬೆಂಕಿ ನಮ್ ಕಡೆ ಇಳೀತು. ರಾಮಮ್ಮ ಅಂತ ಒಬ್ಳು ಅವ್ಳೆ, ಗಂಡ ಇಲ್ಲ, ಒಂದೂವರೆ ವರ್ಸದ ಎಣ್ಮಗ ಐತೆ. ಬೆಟ್ಟದ ಬುಡದಾಗೆ ಅವ್ಳ ಆಡಿನ ರೊಪ್ಪ, ಮುಳ್ಳು ಕಟ್ಟಿದ್ದು. ಮುಳ್ಳಿಗೆ ಬೆಂಕಿ ಹತ್ತಿ ಒಳ್ಗೆ ಆಡೆಲ್ಲ ಕಿರಿಚ್ಕತಾ ಇದ್ವು. ಉರೀತಿರೋ ಬಾಗ್ಲು ಪಡೀನ ಎರ್ಡೂ ಕೈಯಾಗೆ ಇಡ್ದು ಕಿತ್ತಳು. ಆಡು ಬದುಕ್ದೊ. ಕೈ ಓಯ್ತು.

ನಿಮ್ಮಪ್ಪ ಇವಾಗ ಅವ್ಳ ಮನೆ ಚಾಕರಿ ಮಾಡ್ತಾ ಅವ್ನೆ. ನೀರು ಸೇದ್ತಾನೆ, ರಾಗಿ ಬೀಸ್ತಾನೆ, ಆಡು ಮೇಯಿಸ್ತಾನೆ. ಮುದ್ದೆ ತೊಳ್ಸಕ್ಕೆ ಬರಾಕಿಲ್ಲ, ಗಂಟುಗಂಟು. ಊರ ಎಂಗಸ್ರು ನಗ್ತಾರೆ, ಅವ್ನೂ ನಗ್ತಾನೆ. ಕೊಟ್ಟಿಗೇಲಿ ಮಲಗ್ತಾನೆ. ಬೆಟ್ಟ ಅತ್ತಂಗಿಲ್ವಲ್ಲ, ಊರ್ಗೆ ಓಗಬೇಕಂದ್ರೆ ಅರ್ಧ ಗಂಟೆ ದಾರೀಗೆ ಬಸ್ಸಾಗೆ ಸುತ್ಕಂಡು ಅರ್ಧ ದಿನ ಓಗಬೇಕು. ಮೊಣಕಾಲು ಊದೈತೆ.

ಈಗ ಒಂದ್ ಮಾತು ಯೋಳ್ತೀನಿ. ಹೊಗೆ ಎದ್ದಾಗ ನಿಮ್ಮಪ್ಪ ನನ್ ಮಗ್ಗಲಾಗೇ ಕುಂತಿದ್ದ, ನನ್ ಬುತ್ತೀನ ಬಿಚ್ಚಿ ಒಂದ್ ತುತ್ತು ಬಾಯ್ಗಾಕಿದ್ದ. ಅಂಗೇ ಬೆಟ್ಟ ನೋಡ್ದ. ಒಬ್ಬಂಟಿ ಎಂಗಸು ಓಡ್ತಿರಾದು ನಂಗೂ ಕಾಣ್ತು, ಅವ್ಂಗೂ ಕಾಣ್ತು. ಆರ್ಸಿದ್ ಮ್ಯಾಕೆ ಕೂಟ್ದಾಗೆ ಎದ್ದು ನಿಂತ್ಕಂಡು "ಹಚ್ಚಿದ್ದು ನಾನೇ" ಅಂದ. ನಲವತ್ತು ಜನ ಇದ್ರು, ಎಲ್ಲಾ ಅವನ ಜತೇಲೇ ಉಣ್ತಿದ್ದೋರು. ಒಬ್ರೂ ಸುಳ್ಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅವತ್ತಿಂದ ನಂಗೆ ನಿದ್ದೆ ಇಲ್ಲ ಕಣವ್ವ. ನನ್ ತಮ್ಮ ಸತ್ತಾಗ ನಿಜ ಮಾತಾಡಿ ಕಟ್ಟಿದ್ದ ಕೂಟ ಇದು. ಇವಾಗ ಅದ್ರೊಳಗೆ ಒಂದು ಸುಳ್ಳು ಕುಂತೈತೆ, ಎಲ್ರಿಗೂ ಗೊತ್ತಿರೋ ಸುಳ್ಳು. ಓದ ಅಮಾವಾಸ್ಯೆ ಕೂಟಕ್ಕೆ ಜನ ಕಮ್ಮಿ ಬಂದ್ರು. ಬಂದೋರೂ ಅವ್ರವ್ರ ಬುತ್ತೀನೇ ಉಂಡ್ರು. ಬಾ ಅಂತ ನಾನು ಅನ್ನಾಕಿಲ್ಲ. ನಿಂಗೆ ಗೊತ್ತಿರ್ಲಿ ಅಂತ ಬರೆಸಿವ್ನಿ.

ದೊಡ್ಡಮುನಿಯಪ್ಪ

*

ಎಳ್ಳುಕುಂಟೆ
೨೨ ಮೇ ೧೯೮೪

ಅಪ್ಪನವರಿಗೆ ವಸಂತಳ ನಮಸ್ಕಾರಗಳು.

ಚಾಕರಿಗೆ ನಾನು ನಿಂತು ನಿಮ್ಮನ್ನು ಬಸ್ಸಿಗೆ ಹತ್ತಿಸಿ ಹದಿಮೂರು ದಿನವಾಯಿತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಮುತ್ತು ಅತ್ತೆಯ ಹತ್ತಿರ ಚೆನ್ನಾಗಿದ್ದಾಳೆ, ಮಾತ್ರೆ ಕೊಡುವ ಜವಾಬ್ದಾರಿ ಇವರದು, ಕಾಗದ ಬಂದಿದೆ. ನಾನು ಹೊರಟಾಗ ಅತ್ತೆ, "ಅರಕೆ ತೀರ್ಸಿದ್ ಕೈಯಲ್ಲಿ ಕಂಡೋರ ಮನೆ ಮುಸುರೆ ತಿಕ್ತೀಯಾ?" ಎಂದರು. ತಿಕ್ಕುತ್ತೇನೆ ಎಂದೆ. ಇವರು ಬಸ್ಸಿನ ತನಕ ಬಂದು ಬ್ಯಾಗು ಕೊಟ್ಟರು.

ರಾಮಮ್ಮನಿಗೆ ಹೇಳಬೇಡ ಎಂದು ಬಸ್ಸು ಹೊರಡುವ ತನಕ ಹೇಳುತ್ತಲೇ ಇದ್ದಿರಿ. ಅವತ್ತೇ ಹೇಳಿಬಿಟ್ಟೆ, ನೀರಿನ ಕೊಡ ಇಳಿಸಿದ ಕೂಡಲೇ. ಬೆಂಕಿ ಹಚ್ಚಿದ್ದು ನಮ್ಮಪ್ಪ ಅಲ್ಲ ಅಕ್ಕ, ನಾನು, ನನ್ನ ಮಗುವಿಗೋಸ್ಕರ ಎಂದೆ. ಬೈಯುತ್ತಾಳೆ, ಉಗಿಯುತ್ತಾಳೆ ಅಂದುಕೊಂಡಿದ್ದೆ. ನನ್ನನ್ನೇ ನೋಡಿ, "ಮಗೀಗೆ ವಾಸಿ ಆಯ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕ. ಎರಡು ತಿಂಗಳಿಂದ ಬಂದಿಲ್ಲ. ಮಾತ್ರೇನೂ ತಪ್ಪಿಸಿಲ್ಲ," ಎಂದೆ.

"ಯಾವುದರಿಂದ ಅಂತ ನಿಂಗೂ ಗೊತ್ತಿಲ್ಲ," ಎಂದಳು. ಆಮೇಲೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಆಡು ಯಾವ ಕಡೆ ಹೊಡೆಯಬೇಕು ಎಂದು ಹೇಳಲು ಬಾಯಿ ತೆರೆದಳು.

ಅಮ್ಮನ ವಿಷಯದಲ್ಲಿ ನಿಮಗೆ ಬರೆದ ಮಾತು ನೆನಪಾಗಿ ಸಂಕಟವಾಗುತ್ತದೆ. ಅದು ಸುಳ್ಳು ಎಂದು ಈಗಲೂ ಹೇಳಲಾರೆ. ಆದರೆ ಮಗುವನ್ನು ಕಾಪಾಡಲು ಹೋಗಿ ಇನ್ನೊಬ್ಬ ತಾಯಿಯ ಕೈ ಸುಟ್ಟವಳು ನಾನು. ನೀವೆಲ್ಲ ಅಪ್ಪಣೆ ಕೊಡದೆ ಇದ್ದದ್ದು ಇದಕ್ಕೇ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ನನ್ನ ಮೇಲೇ ನನಗೆ ಹೇಸಿಗೆ.

ಮೂವತ್ತನೆಯ ತಾರೀಖು ಅಮಾವಾಸ್ಯೆ. ಬೆಟ್ಟ ಹತ್ತಬಾರದಲ್ಲ, ಗಡಿಕಲ್ಲಿನ ಹತ್ತಿರ ನಾನು ಬರುವಂತಿಲ್ಲ, ನೀವೂ ಬರುವಂತಿಲ್ಲ. ಹಾಗಾಗಿ ಕೂಟವನ್ನೇ ಬೆಟ್ಟದ ಬುಡಕ್ಕೆ, ಆ ಸುಟ್ಟ ರೊಪ್ಪದ ಹತ್ತಿರಕ್ಕೆ ಇಳಿಸುತ್ತೇನೆ ಎಂದು ದೊಡ್ಡಮುನಿಯಪ್ಪಣ್ಣ ಹೇಳಿದ್ದಾರೆ. ಒಂಬತ್ತು ಊರಿನವರ ಎದುರು ನಾನೇ ಹೇಳುತ್ತೇನೆ. ನೀವು ಬಸ್ಸಿನಲ್ಲಿ ಸುತ್ತಿಕೊಂಡು ಬನ್ನಿ. ನಿಮ್ಮ ಮರ್ಯಾದೆ ಉಳಿಸಲು ಎಂದು ತಿಳಿಯಬೇಡಿ. 'ನಾನೇ' ಎಂದು ಎಲ್ಲರೆದುರು ಒಮ್ಮೆ ನನ್ನ ಬಾಯಿಂದಲೇ ಬರಬೇಕು.

ಗಾಯ ವಾಸಿಯಾಗುವ ತನಕ ಎಂದು ನಿಮ್ಮ ಕಟ್ಟುಪಾಡು. ರಾಮಮ್ಮನ ಚರ್ಮ ಮಾಯ್ದಿದೆ, ಬೆರಳುಗಳು ಮಾತ್ರ ಬಗ್ಗುತ್ತಿಲ್ಲ. ಬಗ್ಗುವುದಿಲ್ಲ ಎಂದು ಡೆಂಕಣಿಕೋಟೆಯ ಡಾಕ್ಟರು ಹೇಳಿದ್ದಾರೆ. ವಾಸಿಯಾಗದೇ ಇದ್ದರೆ ಎಷ್ಟು ದಿನ ಎಂದು ನೀವ್ಯಾರೂ ಯೋಚಿಸಲಿಲ್ಲ. ನಾನು ಯೋಚಿಸುತ್ತಿದ್ದೇನೆ. ಇತ್ತ ಈ ಮನೆ, ಅತ್ತ ಮುತ್ತು.

ರಾಮಮ್ಮನ ಪಾಪು ಇಷ್ಟು ದಿನವೂ ನಾನು ಕೊಟ್ಟ ತುತ್ತು ಉಗಿಯುತ್ತಿತ್ತು. ತಾಯಿ ಪಕ್ಕದಲ್ಲಿ ಕೂತು ಪುಸಲಾಯಿಸಿದರೆ ಒಂದೆರಡು ತುತ್ತು ಒಳಗೆ ಹೋಗುತ್ತಿತ್ತು, ಅಷ್ಟೇ. ಇವತ್ತು ಮಧ್ಯಾಹ್ನ ಅದು ತಾನಾಗಿಯೇ ಪುಟಪುಟ ನಡೆದು ಬಂದು ನನ್ನ ತೊಡೆಯ ಮೇಲೆ ಕೂತು ಬಾಯಿ ತೆರೆಯಿತು. ಬಟ್ಟಲು ಪೂರ್ತಿ ಉಂಡಿತು, ಉಂಡು ನನ್ನ ಸೆರಗಿಗೇ ಬಾಯಿ ಒರೆಸಿಕೊಂಡಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, "ನೋಡಕ್ಕಾ!" ಎಂದು ಕೂಗಿ ಆ ಕಡೆ ತಿರುಗಿದೆ. ರಾಮಮ್ಮ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ನಿಮ್ಮ ಮಗಳು
ವಸಂತ